ಸೇತುವೆ ದಾಟಿದ ಮೇಲಿನ ಇಪ್ಪತ್ತು ನಿಮಿಷ

೧೯೮೮ರಲ್ಲಿ, ಎಂಟನೇ ಇಯತ್ತೆ ಅರ್ಧಕ್ಕೆ ಬಂದಾಗ, ನನ್ನ ಓದು ನಿಂತಿತು. ಇಟ್ಟಂಗಿಹಾಳದಿಂದ ವಿಜಯಪುರಕ್ಕೆ ಗೌಂಡಿ ಕೆಲಸಕ್ಕೆ ಬಂದೆ. ಅಂದು ಹಿಡಿದ ಕರಣೆಯನ್ನು ಇಂದಿಗೂ ಕೆಳಗಿಟ್ಟಿಲ್ಲ. ಜಲನಗರದಲ್ಲಿ ನಾನು ಕಟ್ಟಿದ ಮನೆಗಳ ಮುಂದೆ ಹಾದುಹೋಗುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ. ಬರಲಿ, ದುಡಿದು ಪಡೆದದ್ದು.

ಹೋದ ವಾರ ಅಲ್ಲೇ ಒಂದು ಮನೆಯ ಪ್ಲಾಸ್ಟರ್ ನಡೆದಿತ್ತು. ಮಧ್ಯಾಹ್ನ ನಮ್ಮ ಹುಡುಗರು ಬುತ್ತಿ ಬಿಚ್ಚಿದರು. ಒಬ್ಬನ ಡಬ್ಬಿಯಿಂದ ಪುಂಡಿಪಲ್ಯದ ವಾಸನೆ ಬಂತು. ಬೆಳ್ಳುಳ್ಳಿ ಒಗ್ಗರಣೆ ತುಸು ಹೆಚ್ಚೇ ಸೀದಿತ್ತು. ಅಕ್ಕ ಮಾಡುತ್ತಿದ್ದುದೂ ಹಾಗೆಯೇ... ಹುಡುಗರು ಫೋನಿನಲ್ಲಿ ಯಾವುದೋ ಹಳೆಯ ಪಿಚ್ಚರಿನ ತುಣುಕು ನೋಡಿ ನಗುತ್ತಿದ್ದರು.

"ಇದನ್ನ ನೋಡಿ ನಿಮ್ಮ ಕಾಲದ ಮಂದಿ ಅಳತಿದ್ರೇನ್ರಿ ಕಾಕಾ?" ಎಂದು ಒಬ್ಬ ಕೇಳಿದ. ಮುರಿದ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು.

ಆಕೆ ನನಗೆ ಒಡಹುಟ್ಟಿದ ಅಕ್ಕನಲ್ಲ. ಗಾಂಧಿ ಚೌಕದ ಹಿಂದಿನ ಓಣಿಯೊಂದರಲ್ಲಿ ಖಾನಾವಳಿ ನಡೆಸುತ್ತಿದ್ದಳು. ತಗಡಿನ ಮಾಡು, ಕೂಡಲು ಗೋಡೆಗೆ ಹತ್ತಿಸಿದ ಬಾಕುಗಳು, ಒಳಗೆ ಒಲೆಯ ಮುಂದೆ ಆಕೆ. ಗದ್ದದ ಮೇಲೆ ಮೂರು ಹಚ್ಚೆಯ ಚುಕ್ಕೆ. ರೊಟ್ಟಿ ಬಡಿಯುವ ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ನಾನು ಅಲ್ಲಿ ಒಂದು ತುತ್ತೂ ಪುಕ್ಕಟೆ ಉಂಡವನಲ್ಲ. ಆದರೂ ಊಟದ ಹೊತ್ತಿಗೆ ನಾನು ಬರದಿದ್ದರೆ ಓಣಿಯ ತುದಿಗೆ ಬಂದು ನೋಡುತ್ತಿದ್ದವಳು ಆಕೆಯೊಬ್ಬಳೇ.

ದಿನಾ ಉಣ್ಣಲು ಬರುವವರಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು. ಅವರಿಗೂ ಅಕ್ಕನಿಗೂ ಒಂದೇ ಜಗಳ, ವರ್ಷಗಟ್ಟಲೆ ನಡೆದದ್ದು: ನಾವೆಲ್ಲ ಮೆಚ್ಚಿದ ಹಳೆಯ ಪಿಚ್ಚರ್‌ಗಳು ಈಗ ನೋಡಿದರೂ ಒಳ್ಳೆಯವೆನಿಸಿ ನಿಲ್ಲುತ್ತವೆಯೋ ಇಲ್ಲವೋ. ಮಾಸ್ತರರ ಪ್ರಕಾರ ಅವು ಆ ಕಾಲಕ್ಕೆ ಸರಿ. ಈಗ ನೋಡಿದರೆ ಹೆಂಗಸನ್ನು ಎರಡು ತಾಸು ಅಳಿಸುವುದು, ಕಡೆಗೆ ಗಂಡನ ಕಾಲಿಗೆ ಬೀಳಿಸುವುದು, ಇಷ್ಟೇ. ಅಕ್ಕ ಒಪ್ಪುತ್ತಿರಲಿಲ್ಲ. ಬಬಲೇಶ್ವರದ ಟೆಂಟಿನಲ್ಲಿ ತಾನು ನೋಡಿದ ಒಂದು ಪಿಚ್ಚರನ್ನು ಎದುರಿಗಿಡುತ್ತಿದ್ದಳು. ಅದರಲ್ಲಿ ಬಡಿತ ತಿಂದು ತಿಂದು ಸಾಕಾದ ಹೆಂಡತಿ ಒಂದು ಮುಂಜಾನೆ ಟ್ರಂಕು ಎತ್ತಿಕೊಂಡು ಮನೆ ಬಿಡುತ್ತಾಳೆ. ಊರ ಸೇತುವೆ ದಾಟುತ್ತಾಳೆ. ಹೊರಳಿ ನೋಡುವುದಿಲ್ಲ. ಅಲ್ಲಿಗೆ ಮುಗಿಯಿತು.

"ಈಗಿನ ಯಾವ ಪಿಚ್ಚರಿನ್ಯಾಗ ಅಂಥಾ ಹೆಣ್ಮಗಳು ಅದಾಳ, ತೋರಸ್ರಿ ನೋಡೂಣು!"

"ಅದನ್ನ ನಾ ಇಲ್ಲೇ ಟಾಕೀಸಿನ್ಯಾಗ ನೋಡೇನ್ರಿ ಅಕ್ಕಾರ. ಆಕಿ ಹೊಳ್ಳಿ ಬರ್ತಾಳ. ಗಂಡನ ಕಾಲ ಹಿಡೀತಾಳ."

"ಸಾಲ್ಯಾಗ ಮಕ್ಕೊಂಡಂಗ ಟಾಕೀಸಿನ್ಯಾಗೂ ಮಕ್ಕೊಂಡಿರಬೇಕ ನೀವು. ಕನಸ ಬಿದ್ದದ."

"ಕನಸಲ್ರಿ, ಕಣ್ಣಾರೆ ಕಂಡೇನಿ."

"ಹಂಗಾರ ರೊಟ್ಟಿನೂ ಕನಸಿನ್ಯಾಗ ತಿನ್ರಿ. ಬಿಸಿದು ಬೇಕಂದ್ರ ಆಕಿ ಹೊಳ್ಳಿ ಬರಲಿಲ್ಲ ಅನ್ರಿ."

ಮಾಸ್ತರರು ತಾಟು ಮುಂದಕ್ಕೆ ಸರಿಸುತ್ತಿದ್ದರು. "ಬರಲಿಲ್ಲ ಬಿಡ್ರಿ. ಹಾಕ್ರಿ ಒಂದು."

ಬಾಕಿನ ಮೇಲಿದ್ದವರೆಲ್ಲ ನಗುತ್ತಿದ್ದರು. ನಾನು ಮಾತ್ರ ನಗುತ್ತಿರಲಿಲ್ಲ, ಯಾಕೆಂದರೆ ನನಗೆ ಒಳಗಿನದು ಗೊತ್ತಿತ್ತು. ಒಮ್ಮೆ ಆಕೆಯ ಒಲೆಯನ್ನು ಹೊಸದಾಗಿ ಕಟ್ಟಿಕೊಡುತ್ತಿದ್ದಾಗ ಅಕ್ಕ ತಾನಾಗಿಯೇ ಹೇಳಿದ್ದಳು. ತವರು ಬಬಲೇಶ್ವರ, ಕೊಟ್ಟದ್ದು ತಿಕೋಟಾಕ್ಕೆ. ಗಂಡನ ಕೈ ಸುಮ್ಮನಿರುತ್ತಿರಲಿಲ್ಲ. ಮೂರು ವರ್ಷದ ಮಗನಿದ್ದ. ಒಂದು ಸಲ ತವರಿಗೆ ಹೊರಟಾಗ ಅತ್ತೆ ಕೂಸನ್ನು ಇಲ್ಲೇ ಬಿಟ್ಟು ಹೋಗು ಎಂದಳಂತೆ. ಹಾಗಾದರೆ ಸೊಸೆ ತಪ್ಪದೆ ಮರಳುತ್ತಾಳೆ ಎಂದು. ಆ ವಾರವೇ ಅಕ್ಕ ಟೆಂಟಿನಲ್ಲಿ ಆ ಪಿಚ್ಚರ್ ನೋಡಿದ್ದು. ಮರುದಿನ ಮುಂಜಾನೆ ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದವು. ಆಕೆ ವಿಜಯಪುರದ ಬಸ್ಸು ಹತ್ತಿದಳು.

"ಆ ಪಿಚ್ಚರ್ ನೋಡಿರಲಿಲ್ಲಂದ್ರ ನಾ ತಿಕೋಟಾ ಬಸ್ಸೇ ಹತ್ತತಿದ್ದೆ ತಮ್ಮಾ. ಇಷ್ಟೊತ್ತಿಗೆ ಸತ್ತೂ ಹೋಗತಿದ್ದೆ."

ಮಗನನ್ನು ಕೊಡಿರೆಂದು ಆಮೇಲೆ ಹೋಗಿದ್ದಳಂತೆ. ಬಾಗಿಲು ತೆರೆಯಲಿಲ್ಲ. ದೊಡ್ಡವನಾದ ಮೇಲೆ ತಾನೇ ಹುಡುಕಿಕೊಂಡು ಬರುತ್ತಾನೆ ಎಂದು ನಂಬಿಕೊಂಡಿದ್ದಳು. ಅವನು ಬರಲಿಲ್ಲ. ಮಾಸ್ತರರಿಗೆ ಅದು ಪಿಚ್ಚರಿನ ಮಾತು. ಅಕ್ಕನಿಗೆ, ತಾನು ಮಾಡಿದ್ದು ಸರಿ ಎಂದು ಹೇಳಲು ಜಗತ್ತಿನಲ್ಲಿದ್ದ ಒಂದೇ ಸಾಕ್ಷಿ ಅದು.

ನಮ್ಮ ಮಗಳು ಪಿಯುಸಿಗೆ ಬಂದ ವರ್ಷ ಮನೆಗೆ ಒಳ್ಳೆಯ ಫೋನು ಬಂತು. "ಅದರಾಗ ಎಲ್ಲಾ ಸಿಗ್ತದಂತಲ್ಲ. ತಗಸಿ ಈ ಮಾಸ್ತರಿಗೊಮ್ಮೆ ತೋರಸು, ಬಾಯಿ ಮುಚ್ಚಲಿ" ಎಂದು ಅಕ್ಕನೇ ಹಟ ಹಿಡಿದಳು. ಒಂದು ರವಿವಾರ ಊಟದ ಗದ್ದಲ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಹೋದೆ. ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ನಾಲ್ವರೂ ಕುಳಿತೆವು. ಮಗಳಿಗೆ ಪಿಚ್ಚರಿನ ಮೊದಲಿನಿಂದಲೂ ನಗು. ಅಕ್ಕನನ್ನು ಅವಳು ಅಜ್ಜಿಯನ್ನು ಕರೆಯುವಂತೆ ಆಯಿ ಎನ್ನುತ್ತಿದ್ದಳು.

"ಆಯೀ, ಆ ಹೀರೋನ ಕೂದಲ ನೋಡ್ರಿ, ಟೊಪ್ಪಿಗಿ ಇಟ್ಟಂಗ ಅದ."

"ಸುಮ್ಮ ಕೂಡ್ ಬೇ. ಮುಂದ ನೋಡು."

ಸೇತುವೆ ಬಂತು. ಟ್ರಂಕು ಹಿಡಿದ ಆ ಹೆಣ್ಣುಮಗಳು ನಡೆಯತೊಡಗಿದಾಗ ನನ್ನ ಮಗಳ ನಗು ನಿಂತಿತು. ಅವಳು ಫೋನಿನ ಹತ್ತಿರ ಬಾಗಿದಳು. "ಇದ ಮಾತ್ರ ಭಾರಿ ಅದ ಆಯೀ" ಎಂದಳು. ಅಕ್ಕನ ಮುಖವನ್ನು ಆಗ ನೋಡಬೇಕಿತ್ತು... ತೊಡೆ ತಟ್ಟಿ ಎದ್ದು ನಿಂತಳು.

"ಕಂಡ್ರೇನ್ರಿ ಮಾಸ್ತರ? ಮುಗೀತು. ಕೂಡ್ರಿ, ಚಾ ಇಡ್ತೀನಿ."

ಮಗಳು ಪರದೆಯ ಕೆಳಗಿನ ಗೆರೆಯನ್ನು ನೋಡಿ ಹೇಳಿದಳು: "ಇಲ್ಲ ಆಯೀ, ಇನ್ನ ಇಪ್ಪತ್ತು ನಿಮಿಷ ಅದ."

ಆ ಇಪ್ಪತ್ತು ನಿಮಿಷವನ್ನು ಅಕ್ಕ ನಿಂತೇ ನೋಡಿದಳು. ಪಿಚ್ಚರಿನ ಮಗುವಿಗೆ ಜ್ವರ ಬರುತ್ತದೆ. ಅದು ಅಮ್ಮಾ ಅಮ್ಮಾ ಎಂದು ಕರೆಯುತ್ತದೆ. ಎಲ್ಲೋ ದೂರದಲ್ಲಿದ್ದ ತಾಯಿಗೆ ಅದು ಕೇಳಿಸುತ್ತದೆ. ಆಕೆ ಅದೇ ಸೇತುವೆಯ ಮೇಲೆ ಓಡಿ ಬಂದು ಗಂಡನ ಪಾದದ ಮೇಲೆ ತಲೆ ಇಡುತ್ತಾಳೆ. ಗುಡಿಯ ಗಂಟೆ ಮೊಳಗುತ್ತದೆ. ಎಲ್ಲರೂ ನಗುತ್ತಾರೆ.

"ಛೀ, ಇದೇನಿದು" ಎಂದಳು ಮಗಳು. ಮಾಸ್ತರರು ಗೋಡೆ ನೋಡುತ್ತಿದ್ದರು.

ಅಕ್ಕ ಫೋನನ್ನು ತಂಬಿಗೆಯಿಂದ ತೆಗೆದು ಬೋರಲು ಇಟ್ಟಳು. "ಅವತ್ತ ಕರೆಂಟ್ ಹೋಗಿತ್ತು. ಹಾದಿ ನೋಡ್ಕೋತ ಕುಂತ್ವಿ. ಟೆಂಟಿನವ ಕಂದೀಲ ಹಿಡಕೊಂಡ ಬಂದು, ಮುಗೀತ್ರಿ, ಇನ್ನೇನಿಲ್ಲ, ಮನಿಗಿ ಹೋಗ್ರಿ ಅಂದ. ನಾವೂ ಎದ್ದ ಬಂದ್ವಿ." ಆಮೇಲೆ ಹೇಳಿದಳು, "ಮಾಸ್ತರ, ನಿಮ್ಮ ಮಾತ ಖರೇ ಆತು."

"ಅಲ್ರಿ ಅಕ್ಕಾರ, ಟೆಂಟಿನವಂದ ಚಲೋ ಇತ್ತು. ಅಲ್ಲಿಗೇ ಮುಗೀಬೇಕಿತ್ತದು" ಎಂದರು ಮಾಸ್ತರರು. ಅಕ್ಕನ ಕಿವಿಗೆ ಅದು ಬೀಳಲಿಲ್ಲ. ಮರುದಿನದಿಂದ ಅವರಿಗೆ ಕೇಳದೆಯೇ ಬಿಸಿ ರೊಟ್ಟಿ ಬೀಳತೊಡಗಿತು. ಗೆದ್ದ ಮನುಷ್ಯ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಅಕ್ಕ ನನ್ನ ತಾಟಿನ ಮುಂದೆ ಬಂದು ಕುಳಿತಳು. "ಆಕಿ ಕೂಸು ಕರೀತು, ಆಕಿ ಹೋದ್ಲು. ನನ್ನ ಕೂಸೂ ಕರದಿರಬೇಕು ತಮ್ಮಾ. ನನಗ ಕೇಳಸಲಿಲ್ಲ. ತಿಕೋಟಾಕ್ಕ ಕರಕೊಂಡ ಹೋಗ್ತೀಯೇನು?"

ಹೋದೆವು. ದಾರಿಯುದ್ದಕ್ಕೂ ಆಕೆ ಕಿಟಕಿಯಿಂದ ದ್ರಾಕ್ಷಿ ತೋಟಗಳನ್ನು ನೋಡುತ್ತ ಕುಳಿತಿದ್ದಳು. ಆಗ ಇವು ಇರಲಿಲ್ಲ ಎಂದಷ್ಟೇ ಅಂದಳು. ತಿಕೋಟಾದಲ್ಲಿ ಇಳಿದವಳೇ ನಿಲ್ದಾಣದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ನೀ ಹೋಗಿ ಅಂವ ಹೆಂಗದಾನ ನೋಡಿ ಬಾ. ಅಂವ ಬಾ ಅಂದ್ರ ಬರ್ತೀನಿ."

ಕೇಳಿಕೊಂಡು ಹೋದೆ. ಪಡಸಾಲೆಯಲ್ಲಿ ನನಗಿಂತ ತುಸು ಹಿರಿಯನೊಬ್ಬ ಒಣದ್ರಾಕ್ಷಿ ಆರಿಸುತ್ತ ಕುಳಿತಿದ್ದ. ಅಕ್ಕನದೇ ಕಣ್ಣು. ಗೌಂಡಿ ಎಂದು ಹೇಳಿ, ಏನಾದರೂ ಕೆಲಸವಿದೆಯೇ ಎಂದು ಮಾತು ತೆಗೆದೆ. ಒಳ್ಳೆಯ ಮನುಷ್ಯ, ಕೂಡಿಸಿ ಚಹಾ ತರಿಸಿದ. ತಲೆ ಎತ್ತಿದೆ. ಗೋಡೆಯ ಮೇಲೆ ಎರಡು ಫೋಟೊ, ಎರಡಕ್ಕೂ ಮಾಲೆ. ಒಂದರಲ್ಲಿ ರುಮಾಲಿನ ಗಂಡಸು. ಇನ್ನೊಂದರಲ್ಲಿ ಹರೆಯದ ಹೆಣ್ಣುಮಗಳು, ಗದ್ದದ ಮೇಲೆ ಮೂರು ಚುಕ್ಕೆ.

ನಾನು ನೋಡುವುದನ್ನು ನೋಡಿ ಅವನೇ ಹೇಳಿದ. "ಅಪ್ಪ ಮೊನ್ನೆ ಮೊನ್ನೆ ಹೋದ್ರಿ. ಅವ್ವ ನಾ ಸಣ್ಣಾವ ಇದ್ದಾಗನ ತೀರಿಕೊಂಡ್ಲು. ತವರಿಗಿ ಹೋದಾಗ ಜ್ವರಾ ಬಂತಂತ. ಭಾಳ ಪುಣ್ಯವಂತಿ ಅಂತ ನಮ್ಮ ಆಯಿ ಹೇಳತಿದ್ಲು. ಹೊಲಕ್ಕ ಹೋಗೂ ಮುಂದ ದಿನಾ ಅವ್ವಗ ಕೈ ಮುಗದ ಹೋಗ್ತೀನ್ರಿ."

ಊರಲ್ಲಿ ಗೊತ್ತಿದ್ದ ಹಿರಿಯರು ಬಾಯಿ ಮುಚ್ಚಿಕೊಂಡರೋ, ಅವನೇ ಕಿವಿಗೆ ಹಾಕಿಕೊಳ್ಳಲಿಲ್ಲವೋ, ನನಗೆ ತಿಳಿಯದು. ಚಹಾದ ಕಪ್ಪು ಕೆಳಗಿಟ್ಟು ಎದ್ದೆ.

ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ಕಂಡದ್ದನ್ನು ಕಂಡ ಹಾಗೆ ಅಕ್ಕನಿಗೆ ಹೇಳಿದೆ. ಆಕೆ ಅಳಲಿಲ್ಲ. ಬಸ್ಸುಗಳು ಬಂದವು, ಹೋದವು...

"ಹಂಗಾರ ಅಂವಗ ನನ್ನ ಮ್ಯಾಲ ಸಿಟ್ಟಿಲ್ಲ" ಎಂದಳು.

"ಎಳ್ಳಷ್ಟೂ ಇಲ್ರಿ ಅಕ್ಕಾರ. ಏಳ್ರಿ ಹೋಗೂಣು, ಮನಿ ಇಲ್ಲೇ ಅದ."

ಆಕೆ ತಲೆಯಾಡಿಸಿದಳು. "ಸತ್ತಾಕಿ ಹೋಗಿ ಬಾಗಲಾಗ ನಿಂತ್ರ ಬಿಟ್ಟ ಹೋದಾಕಿ ಆಗ್ತಾಳ. ಬ್ಯಾಡ ತಮ್ಮಾ. ದಿನಾ ಕೈ ಮುಗಿಯೂ ಅವ್ವನ್ನ ಅಂವನ ಕಡಿಂದ ನಾ ಕಸಗೊಳ್ಳಂಗಿಲ್ಲ. ನೀನೂ ಹೇಳಬ್ಯಾಡ. ಮಾತ ಕೊಡು."

ಕೊಟ್ಟೆ. ವಿಜಯಪುರದ ಬಸ್ಸು ಬಂತು. ಆಕೆ ನನ್ನ ಕೈ ಹಿಡಿಯದೆ ತಾನೇ ಹತ್ತಿದಳು.

ಆಮೇಲೂ ಎರಡು ವರ್ಷ ಖಾನಾವಳಿ ನಡೆಸಿದಳು. ಪಿಚ್ಚರಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಆಕೆ ಹೋದ ದಿನ ಮಾಸ್ತರರು, ನಾನು, ದಿನಾ ಉಣ್ಣುತ್ತಿದ್ದವರು ಸೇರಿ ಮಣ್ಣು ಮಾಡಿದೆವು. ತಮ್ಮವರು ಅಂತ ಯಾರಾದರೂ ಇದ್ದಾರೇನು, ಹೇಳಿ ಕಳಿಸಬೇಕೇನು ಎಂದು ಜನ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಇಲ್ಲ ಎಂದೆ. ಕಲ್ಲು ಮಣ್ಣು ಹೊತ್ತು ಬದುಕಿದ ಮೈ ಇದು. ಆ ಒಂದು ಮಾತಿನಷ್ಟು ಭಾರ ಹೊತ್ತದ್ದು ನೆನಪಿಲ್ಲ.

ಈಗ ಆ ಜಾಗದಲ್ಲಿ ಫೋನು ಮಾರುವ ಅಂಗಡಿ ಇದೆ. ಹಳೆಯ ಪಿಚ್ಚರ್‌ಗಳು ನಿಲ್ಲುತ್ತವೆಯೋ ಇಲ್ಲವೋ ಎಂದು ಹುಡುಗರು ಇನ್ನೂ ವಾದ ಮಾಡುತ್ತಾರೆ. ಮಾಡಲಿ. ಆ ಪಿಚ್ಚರನ್ನು ನಾನು ಮತ್ತೆ ನೋಡಿಲ್ಲ. ಇದನ್ನು ಬರೆದದ್ದೇ ಮಾತು ಮುರಿದಂತೆ ಎಂದು ಯಾರಾದರೂ ಅಂದಾರು. ಹೆಸರು ಬರೆದಿಲ್ಲ, ತಾಯಿಯ ಫೋಟೊಕ್ಕೆ ಮಾಲೆ ಹಾಕಿದ ಮನೆ ತಿಕೋಟಾದಲ್ಲಿ ಒಂದೇ ಅಲ್ಲ.

ಇಟ್ಟಂಗಿಹಾಳದಲ್ಲಿ ನಾನೇ ಕಟ್ಟಿದ ಮನೆ ಒಂದಿದೆ. ಹೆಂಡತಿ ಇದ್ದಾಳೆ. ಡಿಗ್ರಿ ಮುಗಿಸಿದ ಮಗಳು ಒಬ್ಬಳು. ಕೈಕೆಳಗೆ ಐದು ಜನ ಹುಡುಗರು, ಓಡಾಡಲು ಒಂದು ಮೋಟಾರ್ ಸೈಕಲ್. ತಮ್ಮಾ ಎಂದು ಕರೆಯುವವರು ಯಾರೂ ಇಲ್ಲ.