ಬಾಯಿಪಾಠ ಮಾಡಿದ ಭಯ

ನನ್ನ ತಮ್ಮ ಒಳ್ಳೆಯವನೇ. ಅದಕ್ಕೇ ನನಗೆ ಹೆಚ್ಚು ಸಿಟ್ಟು. ಕೆಟ್ಟವನಾಗಿದ್ದರೆ ನಾಲ್ಕು ಬೈದು ಕೈತೊಳೆದುಕೊಳ್ಳಬಹುದಿತ್ತು.

ಅವನ ಹೆಂಡತಿ ಹಾಸನದ ಕಡೆಯವಳು. ಮದುವೆಯಾಗಿ ದೇಶದ ರಾಜಧಾನಿಗೆ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿಗೆ ಬಂದವಳಿಗೆ ತರಕಾರಿ ಗಾಡಿಯ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟು ಹಿಂದಿ ಬರುತ್ತಿತ್ತು, ಅಷ್ಟೇ. ಹೆರಿಗೆಯಾದ ಮೇಲೆ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಮಗು ಅತ್ತರೆ ಹತ್ತಿರ ಹೋಗದೆ ಗೋಡೆಗೊರಗಿ ನಿಲ್ಲತೊಡಗಿದಳು. ದೃಷ್ಟಿ ಅಂದರು, ತವರಿನ ನೆನಪು ಅಂದರು. ನಾನು ಹಟ ಹಿಡಿದು ಗಂಡ ಹೆಂಡತಿ ಇಬ್ಬರನ್ನೂ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೊರಡಿಸಿದೆ, ಜೊತೆಗೆ ಹೋದೆ.

ಡಾಕ್ಟರು ತಲೆಯೆತ್ತದೆ ಹಿಂದಿಯಲ್ಲಿ ಏನು ತೊಂದರೆ ಎಂದು ಕೇಳಿದರು. ಅವಳು ಗಂಡನಿಗೆ ಕನ್ನಡದಲ್ಲಿ ಹೇಳಿದಳು:

"ಮಗೂನ ಎತ್ಕೊಂಡ್ರೆ ಬಾಲ್ಕನಿಯಿಂದ ಎಸೆದುಬಿಡ್ತೀನೇನೋ ಅಂತ ಭಯ ಆಗುತ್ತೆ."

ತಮ್ಮ ತೆರೆದ ಬಾಗಿಲಿನ ಕಡೆ ನೋಡಿದ. ಡಾಕ್ಟರ ಕಡೆ ತಿರುಗಿ, "ಥೋಡಾ ಟೆನ್ಷನ್ ಹೈ, ಸಾರ್. ನೀಂದ್ ನಹೀಂ ಆತೀ," ಎಂದ. ಸ್ವಲ್ಪ ಟೆನ್ಷನ್ ಅಂತೆ, ನಿದ್ದೆ ಬರೋದಿಲ್ಲವಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ, ರೋಗಿಯ ಜೊತೆ ಒಬ್ಬರೇ ಇರಬೇಕು ಎಂದು ನನ್ನನ್ನು ಹೊರಗೆ ಕಳಿಸಿದರು. ನಿದ್ದೆ ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಮೆಟ್ಟಿಲ ಬಳಿ ತಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಬಾಗಿಲು ತೆರೆದೇ ಇತ್ತು, ಹೊರಗೆ ಕೂತವರಲ್ಲಿ ಅರ್ಧ ಜನ ನಮ್ಮ ಕಾಲೊನಿಯವರು, ಹೇಗೆ ಹೇಳಲಿ ಎಂದ. ಅದೂ ಸುಳ್ಳಲ್ಲ. ವಿದೇಶದ ಅತಿಥಿ ಬಂದರೆ ಪಕ್ಕದಲ್ಲೊಬ್ಬ ದುಭಾಷಿಯನ್ನು ಕೂರಿಸುವ ರಾಜಧಾನಿ ಇದು. ದೇಶದ ಎಲ್ಲ ಮೂಲೆಯವರನ್ನೂ ಕರೆಸಿ ಕಡತ ಹೊರಿಸುತ್ತದೆ. ಅವರ ಮನೆಯ ಹೆಂಗಸು ಮನಸ್ಸು ಕೆಟ್ಟು ಬಂದರೆ ಮುಚ್ಚಲು ಒಂದು ಬಾಗಿಲಿಲ್ಲ, ಅವಳ ಮಾತು ತಿಳಿಯುವ ಒಬ್ಬರಿಲ್ಲ. ಗಂಡನೇ ಅವಳ ನಾಲಿಗೆಯಾಗಬೇಕು. ಅವನಿಗೆ ಮಾನದ ಚಿಂತೆ.

ತಾಯಿ ಮಗು ಇಬ್ಬರನ್ನೂ ಊರಿನ ಇನ್ನೊಂದು ತುದಿಯಲ್ಲಿದ್ದ ಪೀತಮ್‌ಪುರದ ನಮ್ಮ ಮನೆಗೆ ಕರೆತಂದೆ. ಮಗುವನ್ನು ನಾನು ನೋಡಿಕೊಂಡೆ. ಅವಳು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ, ಈ ಸಲ ಅವಳ ಮಾತು ಅವಳ ಬಾಯಿಂದಲೇ ಬರಲೆಂದು ನಾನು ಹೇಳಿಕೊಟ್ಟ ಹಿಂದಿಯ ಒಂದೇ ವಾಕ್ಯವನ್ನು ಮಗ್ಗಿಯಂತೆ ಉರು ಹೊಡೆದಳು. ಕಾಯಿಲೆ ಬಿದ್ದವಳು ಕಾಯಿಲೆಯನ್ನು ಬಾಯಿಪಾಠ ಮಾಡಬೇಕಾಗಿ ಬಂದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮುಂದಿನ ಸಲ ಜೊತೆಗೆ ನಾನೊಬ್ಬಳೇ ಹೋದೆ. ಬಾಗಿಲನ್ನು ನಾನೇ ಮುಚ್ಚಿದೆ. ಅದೇ ಡಾಕ್ಟರು, ಅದೇ ಬಗ್ಗಿಸಿದ ತಲೆ. ಅವಳು ಸೆರಗು ಹಿಡಿದುಕೊಂಡು ಒಪ್ಪಿಸಿದಳು:

"ಭಯ್ಯಾ, ಡರ್ ಲಗ್ತಾ ಹೈ, ಬಚ್ಚೇ ಕೋ ಫೇಂಕ್ ದೂಂಗೀ."

ಭಯ ಆಗುತ್ತೆ, ಮಗೂನ ಎಸೆದುಬಿಡ್ತೀನಿ ಅಂತ. ಡಾಕ್ಟರನ್ನೂ ತರಕಾರಿಯವನನ್ನು ಕರೆದಂತೆಯೇ ಕರೆದಿದ್ದಳು. ಡಾಕ್ಟರು ತಲೆಯೆತ್ತಿದರು, ಪೆನ್ನು ಕೆಳಗಿಟ್ಟರು. ಯಾವಾಗಿನಿಂದ ಹೀಗಾಗುತ್ತಿದೆ ಎಂದು ಮೆಲ್ಲಗೆ ಕೇಳಿದರು. ಅದಕ್ಕೆ ಉತ್ತರ ನಾವು ಕಲಿತಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಮಗು ಹುಟ್ಟಿದಾಗಿಂದ. ಹೋದ ಸಲಾನೂ ಇದನ್ನೇ ಹೇಳಿದ್ದೆ ಅಂತ ಹೇಳಿ, ಅಕ್ಕ."

ಎರಡನೆಯ ಮಾತನ್ನು ನಾನು ಎರಡು ಸಲ ಹೇಳಿದೆ.