ಎರಡು ಕಿಲೋ ಎತ್ತುವ ಹದ್ದು

ಬೈರಕೂರಿನಲ್ಲಿ ಬಸ್ಸಿಗೆ ಕಾಯುತ್ತ, ಹತ್ತು ದಿನದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಮಾವಿನ ತೋಪಿನ ಮೇಲೆ ಹದ್ದೊಂದು ಸುತ್ತುತ್ತಲೇ ಇತ್ತು. ಅಂಗಡಿಯ ಅಜ್ಜಿ ತನ್ನ ಮೇಕೆಮರಿಯ ಮೇಲೆ ಬಿದಿರು ಬುಟ್ಟಿ ಕವುಚಿ, ಅದರ ಮೇಲೊಂದು ಕಲ್ಲು ಹೇರಿದ್ದಳು. ನನಗೆ ನಗು ಬಂತು.

“ಹದ್ದು ಅಷ್ಟೊಂದು ಭಾರ ಎತ್ತಲ್ಲ ಅಜ್ಜಿ. ಹೆಚ್ಚಂದ್ರೆ ಎರಡು ಕಿಲೋ ಅಷ್ಟೇ,” ಎಂದೆ, ಓದಿದವಳ ಗತ್ತಿನಲ್ಲಿ.

ಅಜ್ಜಿ ಮಗುವನ್ನೇ ನೋಡಿದಳು. “ನಿನ್ ಪಾಪ ಎಷ್ಟ್ ತೂಕ ಐತಮ್ಮಾ?”

ಬೆಳಿಗ್ಗೆಯಷ್ಟೇ ಕೋಲಾರದ ಆಸ್ಪತ್ರೆಯಲ್ಲಿ ತೂಗಿ, ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಒಂದು ಕಿಲೋ ಎಂಟುನೂರು ಗ್ರಾಂ. ಸೆರಗನ್ನು ಮಗುವಿನ ಮೇಲೆ ಎಳೆದುಕೊಂಡೆ.

ಅಜ್ಜಿ ಕಲ್ಲು ತೆಗೆದು, ಮರಿಯನ್ನು ಅಂಗಡಿಯೊಳಗೆ ಕಟ್ಟಿ, ಬುಟ್ಟಿಯನ್ನು ತಂದು ನನ್ನ ಪಕ್ಕದಲ್ಲಿಟ್ಟಳು.