ಒಣ ಬೋರಿನ ಬಾಯಿ

ಪುಣೆ ಹತ್ತಿರದ ದೌಂಡದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಊಟಕ್ಕೆ ಕೂತವರ ಮುಂದೆ ಮೊದಲು ತಂಬಿಗೆ ನೀರು, ಆಮೇಲೆ ತಾಟು. ಅದು ಅಪ್ಪ ಧಾರವಾಡದಿಂದ ತಂದ ಪದ್ಧತಿ. ಆ ನೀರು ಹಿತ್ತಲ ಬೋರಿನದು. ಅದರಿಂದ ಹತ್ತು ಮಾರು ಆಚೆ ಹಳೆಯ ಬೋರು, ಒಣಗಿ ಹೋದದ್ದು.

ಕಳೆದ ಜೂನ್‌ನ ಒಂದು ಸೋಮವಾರ, ಪಕ್ಕದ ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಕ್ರೋಮ್ ಲೇಪಿಸುವ ಮಾಲೀಕರು ಊಟ ಮುಗಿಸಿ ಅಪ್ಪನ ಬಳಿ ನಿಂತರು. ಬೆಳಗಾವಿ ಕಡೆಯವರು, ದಿನಾ ನಮ್ಮಲ್ಲೇ ಊಟ. ಸಾಮಾನು ತೊಳೆದ ನೀರನ್ನು ಗಟಾರಕ್ಕೆ ಬಿಟ್ಟರೆ ಓಣಿಯವರು ಜಗಳಕ್ಕೆ ಬರುತ್ತಿದ್ದರು.

"ಅಣ್ಣಾರ, ನಿಮ್ಮ ಸತ್ತ ಬೋರಿನಾಗ ಬಿಡ್ಲೇನ್ರಿ? ಮುನ್ನೂರು ಫೂಟ್ ಕೆಳಗ ಹೋಗ್ತೈತಿ."

"ಬಿಡ್ರಿ. ಸತ್ತದ್ದಕ್ಕೇನು ಹೊಟ್ಟಿ ನೋವು ಬರ್ತದ?"

ಮಂಗಳವಾರ ಎರಡು ಡ್ರಮ್ ಹಳದಿ ನೀರು ಇಳಿಯಿತು. ಬುಧವಾರ ಮೂರನೆಯದನ್ನು ತರುವಾಗ ಅವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೇಳಿ ತಿಳಿದವಳೇ ಒಳಗೆ ಬಂದಳು.

"ಹೊಸಾ ಬೋರ್ ಹೊಡಿಯೋ ದಿನ ಹಳೇದರ ಬಾಯಾಗಿಂದ ಗಾಳಿ ಬುಸುಬುಸು ಬಂದಿತ್ತಲ್ರಿ? ಮುಚ್ಚಿದ್ದ ಡಬ್ಬಿ ಹಾರಿ ಬಿತ್ತು. ನನ್ನ ಅರಿವಿ ಎಲ್ಲಾ ರಾಡಿ ಆದ್ವು. ನೀವು ನಿಂತು ನಕ್ಕಿದ್ರಿ."

ಅಪ್ಪ ಎದ್ದು ಹಿತ್ತಲಿಗೆ ನಡೆದರು. ಕೊರೆಯುವ ಯಂತ್ರದ ಗಾಳಿ ಬಂಡೆಯ ಬಿರುಕುಗಳಲ್ಲಿ ಹಾದು ಬಂದಿತ್ತು. ನೀರಿಗೂ ಅದೇ ದಾರಿ.

ಅವರು ಡ್ರಮ್ಮನ್ನು ತಿರುಗಿ ಕಳಿಸಿದರು. ಹಳೆಯ ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಬೆಸೆಸಿ, ಹೊಸದರ ಪಂಪನ್ನೂ ನಿಲ್ಲಿಸಿದರು. ಮಧ್ಯಾಹ್ನ ಮಾಲೀಕರ ಮುಂದೆ ಕೊಂಡುತಂದ ಕ್ಯಾನಿನ ನೀರು ಇಟ್ಟರು.

"ಬೋರಿನ ನೀರು ಇಲ್ಲೇನ್ರಿ?"

"ನೀವು ಬಿಟ್ಟೀರಿ, ನಾನು ಬಿಡ್ರಿ ಅಂದೀನಿ. ಎಲ್ಲಿ ಹೋತು ಅನ್ನೋದು ತಿಳೀತನಕ ಯಾರಿಗೂ ಕೊಡಂಗಿಲ್ಲ."

ಮಾಲೀಕರು ತುತ್ತು ಕಲಸುತ್ತಲೇ ಉಳಿದರು.

ಗುರುವಾರ ನಾನು ಹೊಸ ಬೋರಿನ ನೀರನ್ನು ಬಾಟಲಿಯಲ್ಲಿ ಪುಣೆಯ ಪ್ರಯೋಗಾಲಯಕ್ಕೆ ಒಯ್ದೆ. ಶನಿವಾರ ಬಂದ ವರದಿಯಲ್ಲಿ ವಿಷಕಾರಿ ಕ್ರೋಮ್ ಇರಲಿಲ್ಲ. ಆದರೆ ನೆಲದೊಳಗಿನ ನೀರು ಸಾವಕಾಶ ಸರಿಯುತ್ತದೆ, ಇವತ್ತು ಇಲ್ಲವೆಂದರೆ ಮುಂದೆಯೂ ಇಲ್ಲವೆಂದಲ್ಲ, ತಿಂಗಳಿಗೊಮ್ಮೆ ತನ್ನಿ ಎಂದರು ಅಲ್ಲಿಯವರು.

ನಮ್ಮದಷ್ಟೇ ಆಗಿದ್ದರೆ ಕ್ಯಾನಿನಲ್ಲಿ ಮುಗಿಯುತ್ತಿತ್ತು. ಓಣಿಯ ಇಳಿಜಾರಿನಲ್ಲಿ ಇನ್ನೂ ಮೂರು ಮನೆಗಳಿಗೆ ಬೋರಿನ ನೀರೇ ಕುಡಿಯಲು. ಭಾನುವಾರ ಅಪ್ಪ ಅವರಿಗೆ ಹೇಳಲು ಹೊರಟರು. ಮಾಲೀಕರು ಕರೆಯದೆಯೇ ಜೊತೆಗೆ ಬಂದರು. ಎರಡು ಮನೆಗಳವರು ಬೈದರು, ಇಬ್ಬರೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಮೂರನೆಯ ಮನೆಯ ಸೊಸೆ ತುಂಬು ಬಸುರಿ. ಅವಳ ಅತ್ತೆ ಬೈಯಲಿಲ್ಲ. ಇವಳು ಮಂಗಳವಾರದಿಂದ ಕುಡಿದದ್ದಕ್ಕೆ ಈಗೇನು ಮಾಡಲಿ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಅಪ್ಪನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೂ ಅವರು ಖಾನಾವಳಿಗೆ ಹೋಗಿ, ಕೊಂಡ ಕ್ಯಾನೊಂದನ್ನು ಹೊತ್ತು ತಂದು ಅತ್ತೆಯ ಮುಂದೆ ಇಟ್ಟರು.